ಉಳಿದದ್ದು

ಬೆಳಗಿನ ಆರಕ್ಕೆ ಬರುತ್ತದೆ ಗಾಯಕವಾಡನ ಲಾರಿ,
ಹಿಂದಿನ ಬಾಗಿಲಿಂದ ಸೋರುತ್ತಿರುತ್ತದೆ ನಿನ್ನೆಯ ಪುಣೆ:
ಹಳಸಿದ ಆಮಟಿ, ಅರ್ಧ ಕಚ್ಚಿದ ಪೋಳಿ,
ಮಂಗಲ ಕಾರ್ಯಾಲಯದ ಜಿಲೇಬಿ, ಮಠ್ಠಾ,
ಬಾಡಿ ಕಪ್ಪಾದ ಝೇಂಡು ಹೂವಿನ ಹಾರ.

ಅಂಬಿಲ ಓಢ್ಯಾದ ದಂಡೆಯಲ್ಲಿ ನಮ್ಮ ತೊಟ್ಟಿ.
ಆಳಂದದ ಕಡೆಯವರ ಕಿವಿಗೆ ಅದು ಅಂಬಲಿ ಎಂದೇ ಕೇಳುತ್ತದೆ.
ಹಸಿರು ಬಳಿದ ಗುಮ್ಮಟ, ತುಕ್ಕು ಹಿಡಿದ ಏಣಿ,
ಪಕ್ಕದ ತಗಡಿನ ಖೋಲಿಯಲ್ಲಿ ಇಂಜಿನ್ನು, ನಾನು,
ಒಂದು ನೋಟುಬುಕ್ಕು.

ನೀಲಗಂಗವ್ವ ಕಟ್ಟೆಯ ಮುಂದೆ ನಿಂತು
ಮೊಣಕೈತನಕ ಕೈ ಇಳಿಬಿಟ್ಟು ಹುಡುಕುತ್ತಾಳೆ.
ಚಮಚ, ರಬ್ಬರು, ಹಲ್ಲುಕಡ್ಡಿ, ಮಾವಿನ ಗೊರಟೆ,
ಒಮ್ಮೆ ಒಂದು ಕಾಲುಂಗುರ.
ನಿಂಬೆ ಸಿಪ್ಪೆಯನ್ನಂತೂ ಒಂದೊಂದೇ ಆರಿಸಿ ಆಚೆ ಎಸೆಯುತ್ತಾಳೆ:
"ಹುಳಿ ಹೆಚ್ಚಾದ್ರ ಇದರ ಹೊಟ್ಟಿ ಕೆಡ್ತದ."

ಶುರುವಿನಲ್ಲಿ ಆರು ಟ್ರಾಲಿ ಸಗಣಿ ಸುರಿದು ಕಾದಿದ್ದೆವು.
ಹದಿನೇಳು ದಿನ ಏನೂ ಇಲ್ಲ.
ಹದಿನೆಂಟನೆಯ ದಿನ ಉಕ್ಕಿಗೆ ಕಿವಿಯಿಟ್ಟವಳು ಅವಳೇ.
ಬಾ ಎಂದು ಕೈಯಲ್ಲೇ ಕರೆದಳು.
ಒಳಗೆ, ಆಗತಾನೆ ಕುದಿ ಹತ್ತಿದ ಅನ್ನದ ಸದ್ದು.

ನೋಡಲು ಬಂದವರಿಗೆ ಸೋನವಣೆ ಸಾಹೇಬರು
ಘನಮೀಟರಿನಲ್ಲಿ, ಯೂನಿಟ್ಟಿನಲ್ಲಿ ತಿಳಿಸಿ ಹೇಳುತ್ತಾರೆ.
ಅವರು ಹೋದ ಮೇಲೆ ನೀಲಗಂಗವ್ವ ನನಗೆ ಹೇಳುತ್ತಾಳೆ:
"ಎಮ್ಮಿ ಅದ ನೋಡ್ರಿ ಇದು.
ಹೊತ್ತಿಗಿ ಸರಿಯಾಗಿ ಹಾಕಬೇಕು.
ಒಮ್ಮಿಗೇ ಸುರದ್ರ ಉಬ್ಬರಿಸ್ತದ."

ಸಂಜೆ ಏಳಕ್ಕೆ ಇಂಜಿನ್ನು ಎರಡು ಸಲ ಕೆಮ್ಮಿ ಏಳುತ್ತದೆ.
ಗಲ್ಲಿಯುದ್ದಕ್ಕೂ ಅರವತ್ತೆರಡು ಕಂಬ.
ಒಂದರ ಕೆಳಗೆ ಕ್ಯಾರಮ್ಮು, ಒಂದರ ಕೆಳಗೆ ವಡಾಪಾವಿನ ಬಾಣಲೆ,
ಇನ್ನೊಂದರ ಕೆಳಗೆ, ಚಪ್ಪಲಿ ಕಳಚಿಟ್ಟು,
ನಾತ ತಾಳಲಾರೆವೆಂಬ ಅರ್ಜಿಗೆ
ಸಾಠೆ ಕಾಕು ಸಹಿ ಮಾಡಿಸಿಕೊಳ್ಳುತ್ತಿದ್ದರು.
ಬೆಳಕು ಚೆನ್ನಾಗಿತ್ತು. ಹೆಸರುಗಳೆಲ್ಲ ದುಂಡಗೆ ಬಿದ್ದವು.

ಆಮೇಲೆ ಆಷಾಢದ ಏಕಾದಶಿ.
ಪಾಲಖಿ ದಾಟಿಹೋಗಿ ಎಷ್ಟೋ ದಿನವಾಗಿತ್ತು.
ಊರಿಗೆ ಊರೇ ಉಪವಾಸ,
ಸಾಬುದಾಣೆ ಖಿಚಡಿಯನ್ನು ಯಾರೂ ತಟ್ಟೆಯಲ್ಲಿ ಬಿಡುವುದಿಲ್ಲ.
ಲಾರಿಯಲ್ಲಿ ಬಟಾಟೆ ಸಿಪ್ಪೆ, ಶೇಂಗಾದ ಹೊಟ್ಟು,
ಇನ್ನು ನಾಲ್ಕು ತಿಂಗಳು ಮದುವೆಗಳೂ ಇಲ್ಲ.

ಮನುಷ್ಯರ ಉಪವಾಸ ಮರುದಿನ ಮುಗಿಯುತ್ತದೆ,
ದೀಪಕ್ಕೆ ಅದು ತಿಳಿಯುವುದು ಮೂರನೆಯ ದಿನ.
ಗುಮ್ಮಟ ಇಳಿದು ಕೂತಿತು.
ಅರವತ್ತೆರಡರಲ್ಲಿ ಹತ್ತೊಂಬತ್ತು ಕಂಬ ಉಳಿಸಿ
ಉಳಿದ ಸ್ವಿಚ್ಚುಗಳನ್ನು ನಾನೇ ಆರಿಸಿದೆ.
ಕ್ಯಾರಮ್ಮಿನ ಹುಡುಗರು ಬೈದರು. ಸರಿಯೇ.

"ಎಲ್ಲರ ಮನೆಯದೂ ಬರುತ್ತದೆ,
ನಿಮ್ಮ ಮನೆಯದು ಒಂದು ಮುಷ್ಟಿ ತಂದು ಹಾಕವ್ವಾ" ಎಂದೆ,
ತಮಾಷೆಗೆ.
ನಳದ ಕೆಳಗೆ ಗವುಸು ತೊಳೆಯುತ್ತಿದ್ದಳು.
ನೀರು ನಿಲ್ಲಿಸಿ, ಜೋಳದ ಧಾರಣೆ ಹೇಳುವವಳ ಹಾಗೆ ಅಂದಳು:
"ನಮ್ಮನ್ಯಾಗ ಎಲ್ಲಿ ಉಳೀತದ್ರಿ?"

ಆ ರಾತ್ರಿ ನೋಟುಬುಕ್ಕಿನಲ್ಲಿ
ಗ್ಯಾಸಿನ ಲೆಕ್ಕದ ಕೆಳಗೆ ಏನೋ ಬರೆಯಹೋಗಿ
ಹೊಡೆದುಹಾಕಿದೆ. ಸಾಹೇಬರು ನೋಡುವ ಪುಸ್ತಕ.

ಅವಳ ಮನೆ ಓಢಾ ತಿರುಗುವಲ್ಲಿ, ಕೊನೆಯ ಕಂಬದಾಚೆ.
ಬಾಗಿಲಲ್ಲಿ ನಿಂತು ನೋಡಿದೆ:
ಆರಿದ ಕಂಬಗಳನ್ನು ಒಂದೊಂದೇ ದಾಟಿ,
ತೊಟ್ಟಿಯ ಬಗ್ಗಡ ತುಂಬಿದ ಡಬ್ಬಿ ಒಂದು ಕೈಯಲ್ಲಿ
(ಮೆಣಸಿನ ಗಿಡಕ್ಕಂತೆ),
ಇನ್ನೊಂದು ಕೈಯಲ್ಲಿ ಮೊಬೈಲಿನ ಚೂರು ಬೆಳಕು
ಕೆಸರನ್ನು ತಡವುತ್ತ ಹೋಯಿತು.

ಮಧ್ಯಾಹ್ನ ಅದನ್ನು ಚಾರ್ಜಿಗೆ ಹಾಕಿದ್ದು
ಇಲ್ಲೇ, ಇಂಜಿನ್ನಿನ ಪಕ್ಕದ ಪ್ಲಗ್ಗಿಗೆ.
ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.