ಪಾದೆಕಲ್ಲು ತಿರುವು

ಪಂಚಾಯತಿನವರು ಲೆಕ್ಕ ಕೊಟ್ಟಿದ್ದರು: ನಲವತ್ತೊಂದು.
ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ
ಒಂದೇ ತಿರುವು, ನಲವತ್ತೊಂದು ಬೋರ್ಡು.
ದಿನಕ್ಕೆ ಎಂಟುನೂರು, ಗುಜರಿಯ ದುಡ್ಡೂ ನಿನಗೇ ಎಂದರು.
ನಾನು ಲಿಗೋರಿ, ಪೇಂಟರ್.
ಇವುಗಳಲ್ಲಿ ಹನ್ನೊಂದು ನಾನೇ ಬರೆದವು,
ಫ್ಲೆಕ್ಸ್ ಬಂದು ನನ್ನ ಬ್ರಷ್ಷು ಒಣಗುವ ಮೊದಲು.

ಸ್ಪಾನರು, ಹಾರೆ, ತುಕ್ಕಿಗೆ ಒಂದು ಬಾಟ್ಲಿ ಎಣ್ಣೆ,
ಏಣಿ ಹಿಡಿಯಲು ದೂಮಣ್ಣನ ಮಗ ಭೋಜ.

ಮೊದಲು ಕಳಚಿದ್ದು: ಮುಂದೆ ಹಂಪ್ ಇದೆ.
ಹಂಪು ಹೋಗಿ ಆರು ಮಳೆಗಾಲ ಕಳೆದಿತ್ತು.
ಆಮೇಲೆ, ಶಾಲೆ ಇದೆ ನಿಧಾನ.
ಶಾಲೆಯಲ್ಲಿ ಈಗ ಗೇರುಬೀಜದ ಮೂಟೆಗಳು,
ಅವು ರಸ್ತೆ ದಾಟುವುದಿಲ್ಲ.
ಅಪಘಾತ ವಲಯ: ಮೂರು ಇಲಾಖೆ, ಮೂರು ಬೋರ್ಡು,
ಒಂದರ ಮುಖಕ್ಕೆ ಒಂದು ಅಡ್ಡ.
ಕ್ರಿಕೆಟ್ ತಂಡಕ್ಕೆ ಶುಭ ಕೋರುವ ಹದಿನೇಳು ಮುಖ
(ಸೋತದ್ದು ಎಂದ ಭೋಜ, ಅವನೂ ಅದರಲ್ಲಿದ್ದ,
ಮೇಲಿನ ಸಾಲು, ಎಡದಿಂದ ನಾಲ್ಕನೆಯವ, ಕಪ್ಪು ಕನ್ನಡಕ).
ಬೋರ್‌ವೆಲ್. ಮೂಲವ್ಯಾಧಿ. ಸೈಟು ಮಾರಾಟಕ್ಕಿದೆ.
ಇಲ್ಲಿ ಬೋರ್ಡು ಹಾಕಬಾರದು ಎಂಬ ಬೋರ್ಡು,
ಅದಕ್ಕೆ ಮೊಳೆ ಮೂರಲ್ಲ, ಒಂಬತ್ತು.

ನನ್ನದೊಂದು ಸಿಕ್ಕಿತು, ತಗಡಿನದು: ಎಡಕ್ಕೆ ತಿರುವು.
ರುಕಾರದ ಕೊಂಬು ನೋಡಿದೆ.
ಅದನ್ನು ಎಳೆಯುವಾಗ ಉಸಿರು ಬಿಗಿ ಹಿಡಿದಿದ್ದೆ.
ಚೆಂದ ಉಂಟು ಎಂದ ಭೋಜ.
ಉಂಟು ಎಂದೆ. ಆದರೆ ಮಾರಾಯ,
ರಸ್ತೆ ಎಡಕ್ಕೆ ಹೋಗುವುದು ರಸ್ತೆಗೇ ಗೊತ್ತುಂಟಲ್ಲ,
ನಡುವೆ ನಾನು ಎಂತಕ್ಕೆ?
ರಾಶಿಗೆ ಹಾಕಿದೆ, ಮುಖ ಕೆಳಗೆ.

ಸಂಜೆಯ ಹೊತ್ತಿಗೆ ಕಲ್ಲು ಕಂಡಿತು.
ಊರಿಗೆ ಹೆಸರು ಕೊಟ್ಟ ಕರಿ ಪಾದೆ
ಪಾದೆಕಲ್ಲು ಎಂಬ ದೊಡ್ಡ ಬೋರ್ಡಿನ ಹಿಂದೆ
ಹದಿನೈದು ವರ್ಷ ಕೂತಿತ್ತು, ತನ್ನದೇ ಹೆಸರಿನ ನೆರಳಿನಲ್ಲಿ.
ಬುಡದಲ್ಲಿ ಪಾಚಿ, ಬಿರುಕಿನಲ್ಲಿ ನೆಕ್ಕರೆ ಹೂ.
ಅದರಾಚೆ ಬೈಲು, ಬೈಲಿನಾಚೆ ತೋಡು,
ತೋಡಿನಲ್ಲಿ ಎಮ್ಮೆ, ಎಮ್ಮೆಯ ಮೇಲೆ ಕೊಕ್ಕರೆ.
ಇಷ್ಟೆಲ್ಲ ಇಲ್ಲೇ ಇತ್ತಾ ಎಂದ ಭೋಜ,
ಇಲ್ಲೇ ಹುಟ್ಟಿದವ.

ಕೊನೆಯದು ಉಳಿಯಿತು.
ಗಂಡ ಸೈಕಲ್ ಸಮೇತ ಹೋದ ಜಾಗದಲ್ಲಿ
ಸುಗಂಧಿ ತಾನೇ ನೆಟ್ಟ ಕಬ್ಬಿಣದ ಸರಳು, ಎಣ್ಣೆ ಡಬ್ಬದ ತಗಡು.
ಅಕ್ಷರ ಪೂರ್ತಿ ಅಳಿಸಿದೆ. ಬರೆಸಲು ನನ್ನಲ್ಲಿಗೇ ಬಂದಿದ್ದಳು.
ಎಂತ ಬರೆದೆ ಎಂಬುದು ಮರೆತಿದೆ,
ದುಡ್ಡು ತೆಗೆದುಕೊಂಡದ್ದು ನೆನಪುಂಟು.
ಸ್ಪಾನರು ಇಟ್ಟೆ.
ತೆಗೆದೆ.
ಲೆಕ್ಕದ ಪುಸ್ತಕದಲ್ಲಿ ನಲವತ್ತು ಎಂದು ಬರೆದುಕೊಟ್ಟೆ.

ಮರುದಿನ ಅಧ್ಯಕ್ಷರ ಫೋನು:
ಭಾರೀ ಚೆಂದ ಆಯಿತು ಲಿಗೋರಿ. ಇನ್ನೊಂದೇ ಕೆಲಸ.
ಎಂಟಡಿಗೆ ನಾಲ್ಕಡಿ, ಎರಡೂ ಬದಿಯಿಂದ ಕಾಣುವ ಹಾಗೆ:
ಬೋರ್ಡುಮುಕ್ತ ಗ್ರಾಮಕ್ಕೆ ಸ್ವಾಗತ.
ಮೂರು ಫೋಟೋಕ್ಕೆ ಜಾಗ ಬಿಡು.
ಕಣ್ಣು ಸರಿ ಕಾಣುವುದಿಲ್ಲ ಎಂದೆ.

ಸುಳ್ಳು. ಕಾಣುತ್ತಿತ್ತು:
ಹಾರ್ನು ಒತ್ತಿಯೇ ಹಾರುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸು
ತಿರುವಿನಲ್ಲಿ ಅನುಮಾನದಿಂದ ನಿಧಾನವಾಯಿತು.
ಹೊಸ ಕಂಡಕ್ಟರ್ ಕತ್ತು ಹೊರಗೆ ಹಾಕಿ, ಅತ್ತ ಇತ್ತ ನೋಡಿ,
ಪಾದೆಕಲ್ಲು ಎಲ್ಲಿ ಮಾರಾಯ್ರೆ ಎಂದ.
ನಾನು ಬಾಯಿ ತೆರೆಯುವ ಮೊದಲೇ
ಬಸ್ಸಿನೊಳಗಿಂದ ಒಂದು ಮುದಿ ದನಿ:
ಬಂತು, ಬಂತು. ಅಗೋ ಕಲ್ಲು.