ಸಾವಿರಕ್ಕೆ ಇಷ್ಟು

ಕೊಟ್ಟಾರದ ಮೂರನೇ ಮಾಳಿಗೆ, ಕೆಳಗೆ ಟೈಲ್ಸ್ ಅಂಗಡಿ.
ಎ.ಸಿ. ನಮಗಲ್ಲ, ಯಂತ್ರಕ್ಕೆ.
ಪರದೆಯ ಮೇಲೆ ಹಿಮ ಬಿದ್ದ ಒಂದು ಬೀದಿ,
ಊರಿನ ಹೆಸರು ಹೇಳುವುದಿಲ್ಲ ಅವರು.
ಕಾರಿಗೊಂದು ಚೌಕ, ಸೈಕಲ್ಲಿಗೊಂದು,
ನಡೆಯುವವರಿಗೆ ಹಸಿರು, ನಾಯಿಗೆ ನೀಲಿ.
ಡ್ರೈವರಿಲ್ಲದ ಕಾರು ಮುಂದೆಂದಾದರೂ
ಆ ನಾಯಿಯ ಮೇಲೆ ಹತ್ತದಿರಲಿ ಎಂದು
ನಾನು ಕುತ್ತಾರಿನಿಂದ ಎರಡು ಬಸ್ಸು ಹತ್ತಿ ಬರುತ್ತೇನೆ.

ಆ ಊರಿನ ಕಸದ ಡಬ್ಬಿಗಳೆಲ್ಲ ಗೊತ್ತು ನನಗೆ.
ಒಂದು ಮನೆಯ ಕೆಂಪು ಬಾಗಿಲು,
ಅದರೆದುರು ಹಿಮ ಗೋರುವ ಮುದುಕ,
ನಿನ್ನೆಯಿಂದ ಕಾಣಲಿಲ್ಲ.
ಕೇಳುವುದು ಯಾರಲ್ಲಿ?

ಚೌಕಕ್ಕೆ ನಲವತ್ತು ಪೈಸೆ.
ಅಮ್ಮನಿಗೆ ಬೀಡಿಯ ಲೆಕ್ಕದಲ್ಲೇ ಹೇಳಬೇಕು:
ಸಾವಿರಕ್ಕೆ ನಾನೂರು.
ಬೆರಳು ಮಡಚಿ ಎಣಿಸಿ "ಅಡ್ಡಿಲ್ಲ" ಎಂದಳು.
ಸ್ವಲ್ಪ ಹೊತ್ತು ಬಿಟ್ಟು,
ಮೊರದಿಂದ ತಲೆಯೆತ್ತದೆ,
"ಪಿ.ಎಫ್. ಉಂಟಾ?"

ಇಲ್ಲ.
"ಬೋನಸ್ಸು?"
ಇಲ್ಲ ಅಮ್ಮ, ನಾನು ಕನ್ಸಲ್ಟೆಂಟು.
"ಹಾಗೆಂದರೆ ಎಂತದು?"
ಹಾಗೆಂದರೆ, ಸರ್ವರ್ ನಿಂತ ದಿನ ಸಂಬಳವೂ ನಿಲ್ಲುವುದು.
"ಎಲೆ ಬಾರದ ದಿನದ ಹಾಗೆ," ಅಂದಳು.
ಕತ್ತರಿ ಕಚ್ ಕಚ್ ಎಂದಿತು.

ತೊಂಬತ್ತು ಸೆಕೆಂಡು ಮೌಸ್ ಅಲುಗದಿದ್ದರೆ
ಹೆಸರಿನ ಪಕ್ಕ ಹಳದಿ ಚುಕ್ಕೆ.
ವಿಲ್ಫ್ರಿಡಾಳಿಗೆ ಏಳು ತಿಂಗಳು,
ದಿನವಿಡೀ ಅವಳ ಹೆಸರಿಗೆ ಸೇವಂತಿಗೆ.
ಟೀಮ್ ಲೀಡ್ ಅಶ್ಲೇಷ್ ಕೆಟ್ಟವನಲ್ಲ, ಪಾಪ,
ಅವನ ಹೆಸರಿನ ಪಕ್ಕವೂ ಎಲ್ಲೋ ಒಂದು ಚುಕ್ಕೆ ಇರಬೇಕು.
ಕಳೆದ ತಿಂಗಳು ಬಂದು ನಿಂತು
ಗಂಟಲು ಸರಿಮಾಡಿಕೊಂಡು ಹೇಳಿದ:
ಇನ್ನು ಚೌಕ ಯಂತ್ರವೇ ಹಾಕುತ್ತದೆ,
ನೀವು ತಿದ್ದಿದರೆ ಸಾಕು.
ತಿದ್ದುವುದಕ್ಕೆ ಇಪ್ಪತ್ತು ಪೈಸೆ.
ಅದಕ್ಕೆ ಚೌಕ ಹಾಕಲು ಕಲಿಸಿದ್ದು ಯಾರೆಂದು
ಯಾರೂ ಕೇಳಲಿಲ್ಲ. ನಾನೂ.

ಹಾಗಿರುವಾಗ ಆ ಚಿತ್ರ ಬಂತು.
ರಾತ್ರಿ. ಬಸ್‌ಸ್ಟಾಪು. ಬೆಂಚಿನ ಕೆಳಗೆ ಕಪ್ಪು ಗಂಟು.
ಯಂತ್ರ ಬರೆದಿತ್ತು: ಕಸದ ಚೀಲ.
ಹಿಗ್ಗಿಸಿ ನೋಡಿದೆ, ಇನ್ನೂ ಹಿಗ್ಗಿಸಿದೆ,
ಚಿತ್ರ ಒಡೆದು ಚುಕ್ಕಿಯಾಗುವವರೆಗೆ.
ಅಳಿಸಿ ಹಸಿರು ಹಾಕಿದೆ. ಮನುಷ್ಯ.
ಮರುದಿನ ವಾಪಸು ಬಂತು: ತಪ್ಪು.
ಆ ಕಂತಿನ ಇನ್ನೂರು ಚೌಕಕ್ಕೂ ಕತ್ತರಿ.

ಬ್ರಾಂಚಿನ ಚೆಕ್ಕರ್ ಒಂದು ಕಟ್ಟು ಮುರಿದು ನೋಡಿ
ಇಡೀ ಬುಟ್ಟಿ ದೂಡಿದ ಹಾಗೆ.
ಇದು ಅಮ್ಮನ ಮಾತು, ನನ್ನದಲ್ಲ.
"ಕಾಲು ಕಂಡಿತ್ತಾ?" ಕೇಳಿದಳು.
ಒಂದು ಶೂ. ಲೇಸು ಬಿಚ್ಚಿತ್ತು.
"ಮತ್ತೆಂತ? ಕಸಕ್ಕೆ ಯಾರಾದರೂ ಶೂ ಹಾಕುತ್ತಾರಾ?"
ನೂಲನ್ನು ಹಲ್ಲಿನಲ್ಲಿ ಕಡಿದಳು.
"ಬಲಬದಿಯವಳದ್ದು ನೋಡಿದೆಯಾ?
ನಾವು ನೋಡಿದ್ದೆವು. ಒಬ್ಬೊಬ್ಬಳೇ ಇರುವಾಗ
ಎಲ್ಲರದ್ದೂ ಕೈತಪ್ಪು. ಬ್ರಾಂಚಿನ ಜಗಲಿಯಲ್ಲಿ
ಬುಟ್ಟಿಗೆ ಬುಟ್ಟಿ ತಾಗಿಸಿಟ್ಟ ದಿನ ಗೊತ್ತಾಯಿತು,
ತಪ್ಪು ಇದ್ದದ್ದು ಅವನ ಲೆಕ್ಕದಲ್ಲಿ."

ನೋಡುವುದಿಲ್ಲ, ಹೇಳುವುದಿಲ್ಲ ಎಂದು
ಹದಿನಾಲ್ಕು ಪುಟಕ್ಕೆ ಸಹಿ ಹಾಕಿದ್ದೇವೆ.
ಆದರೂ ನಾಲ್ಕೂವರೆಯ ಚಾಕ್ಕೆ
ಲಿಫ್ಟಿನ ಹಿಂದಿನ ಮೆಟ್ಟಿಲಲ್ಲಿ ಮೆಲ್ಲ ಎಂದೆ:
ಬಸ್‌ಸ್ಟಾಪು, ಬೆಂಚು, ಕೆಳಗೆ...
ತಾಹಿರಾಳ ಬಿಸ್ಕತ್ತು ಚಾದಲ್ಲಿ ಬಿತ್ತು.
"ನನಗೂ ಬಂದಿತ್ತು. ಲೇಸು ಬಿಚ್ಚಿದ್ದು."
ವಿಲ್ಫ್ರಿಡಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು
"ಎಡಗಾಲಿನದ್ದು," ಅಂದಳು.

ಮೂವರಿಗೂ ಕತ್ತರಿ ಬಿದ್ದಿತ್ತು.
ಯಾರೂ ಎಂತದೂ ಮಾತಾಡಲಿಲ್ಲ.
ಕೆಳಗೆ ಹೈವೇಯಲ್ಲಿ ಕಂಡಕ್ಟರ್ ಒಬ್ಬ
"ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗುತ್ತಿದ್ದ.
ಚಾದ ಎಂಟು ನಿಮಿಷ ಮುಗಿದು
ಒಳಗೆ ನಮ್ಮ ಹೆಸರುಗಳು ಹಳದಿಯಾಗುವ ಹೊತ್ತು.
ತಳಕ್ಕಿಳಿದ ಬಿಸ್ಕತ್ತನ್ನು ಬೆರಳಿನಲ್ಲಿ ತೆಗೆಯುತ್ತಾ
ತಾಹಿರಾ ಕೇಳಿದಳು:
"ನಿನ್ನ ಅಮ್ಮ ಆದಿತ್ಯವಾರ ಮನೆಯಲ್ಲಿರ್ತಾರಾ?"