ಕಯಾರ್ ದಂಡೆಯ ಕಪ್ಪುಹಲಗೆ

ಬೆಳಗಿನ ಐದಕ್ಕೆ ಡಾಕಾರಿನಿಂದ ಫೋನು.
ಗಾಳಿ ಎಷ್ಟು, ಅಲೆ ಎಷ್ಟು, ಯಾವ ದಿಕ್ಕು.
ಸೀಮೆಸುಣ್ಣದಲ್ಲಿ ಒಂದೇ ಸಾಲು ಬರೆಯುತ್ತೇನೆ.
ಇಷ್ಟಕ್ಕೇ ನನಗೆ ಸಂಬಳ.

ಮೊದಲು ಬರುವವಳು ಮಂಜುಗಡ್ಡೆಯ ಬಿನೆತಾ.
ಅವಳಿಗೆ ದಿಕ್ಕು ಬೇಡ. ಅಲೆ ಎರಡು ಮೀಟರು ದಾಟಿತೋ
ಅರ್ಧ ಲಾರಿ ಸಾಕು ಎಂದು ಅಲ್ಲಿಂದಲೇ ಕೂಗಿ ಹೇಳುತ್ತಾಳೆ.
ಮೀನು ಹೊಗೆಗಿಡುವ ಹೆಂಗಸರು ಹಲಗೆ ನೋಡುವುದೇ ಇಲ್ಲ,
ಬಿನೆತಾಳ ಮುಖ ನೋಡುತ್ತಾರೆ,
ನಿನ್ನೆಯ ಬುಟ್ಟಿಗೆ ಇವತ್ತಿನ ಬೆಲೆ ಕಟ್ಟುತ್ತಾರೆ.

ನಲವತ್ತು ವರ್ಷ ಚುಕ್ಕಾಣಿ ಹಿಡಿದ ಮುದುಕ ಮಾಪಾತೆ
ಹಲಗೆಗೆ ಬೆನ್ನು ಹಾಕಿ ನಿಲ್ಲುತ್ತಾನೆ.
ಒದ್ದೆ ಬೆರಳೆತ್ತಿ, "ಸಮುದ್ರಕ್ಕೆ ಅಕ್ಷರ ಬರುತ್ತದೇನಯ್ಯ?"
ಆಮೇಲೆ ಅವನ ಮೊಮ್ಮಗ, ಹಲ್ಲುಕಡ್ಡಿ ಜಗಿಯುತ್ತ,
ಸುಮ್ಮನೆ ಹಾದುಹೋಗುವವನ ಹಾಗೆ ಓದಿಕೊಂಡು ಹೋಗುತ್ತಾನೆ.
ನಾನೂ ನೋಡದವನ ಹಾಗೆ ಇರುತ್ತೇನೆ.
ಅದು ನಮ್ಮಿಬ್ಬರ ಮರ್ಯಾದೆ.

ಫ್ರಾನ್ಸಿನಿಂದ ಬಂದ ಹುಡುಗಿಯೊಬ್ಬಳು
ಮೂರು ವಾರ ಕೊಡೆಯಡಿ ಕೂತು
ಯಾರು ಓದಿದರು, ಎಷ್ಟು ಹೊತ್ತು ಎಂದು ಗೀಟೆಳೆದುಕೊಂಡಳು.
ಮಾಪಾತೆಯನ್ನು ಓದದವರ ಕಾಲಮ್ಮಿಗೆ ಸೇರಿಸಿದಳು.
ನಾನು ತಿದ್ದಲಿಲ್ಲ.

ಹುಡುಗರು ಮಾತ್ರ ಸಂಜೆ ಬರುತ್ತಿದ್ದರು.
ನಾಳೆಯದು ಅವರಿಗೆ ಸಾಲದು.
"ಇನ್ನಾರು ದಿನ ಹೇಗೆ, ಮಾವ? ಉತ್ತರದ ದ್ವೀಪಗಳ ಕಡೆ ಹೇಗೆ?"
ಆರು ದಿನ ದೂರದ ಮೀನು ನಮ್ಮವರು ಹಿಡಿಯುವುದಿಲ್ಲ.
ಗೊತ್ತಿತ್ತು ನನಗೆ.
ಗೊತ್ತಿಲ್ಲ ಅಂದುಬಿಡುವುದು ಸುಲಭವಿತ್ತು.
ಫೋನಿನಲ್ಲಿ ಕೇಳಿದೆ, ಬಂದದ್ದನ್ನು ಹೇಳಿದೆ:
ಶಾಂತ. ಗಾಳಿ ಎಂಟು ನಾಟ್.
ಸುಳ್ಳಲ್ಲ, ಆರು ದಿನವೂ ಹಾಗೇ ಇತ್ತು.
ಏಳನೆಯದನ್ನು ಅವರು ಕೇಳಿರಲಿಲ್ಲ.

ಈಗ ಗೋರ್ಗಿಯ ತಾಯಿ ಸೊಖ್ನಾ ಬರುತ್ತಾಳೆ,
ಎಲ್ಲರೂ ಚದುರಿದ ಮೇಲೆ. ಓದು ಬಾರದು.
"ಇವತ್ತು ಏನಂತೆ?"
ವಾಯವ್ಯ, ಹನ್ನೆರಡು. ಅಲೆ ಒಂದೂವರೆ.
ಅದನ್ನಿಟ್ಟುಕೊಂಡು ಏನು ಮಾಡುತ್ತಾಳೋ ತಿಳಿಯದು.
ತಲೆಯಾಡಿಸುತ್ತಾಳೆ, ಕೊನೆಯ ಅಂಕಿಯನ್ನು ಮುಟ್ಟುತ್ತಾಳೆ,
ಬೆರಳಿನ ಪುಡಿ ಒರೆಸಿಕೊಳ್ಳದೆ
ಮುಷ್ಟಿ ಮುಚ್ಚಿಕೊಂಡು ಹೋಗುತ್ತಾಳೆ.

ಅಳಿಸಿದ ಅಂಕಿಯನ್ನು ಮತ್ತೆ ಬರೆಯುತ್ತೇನೆ.
ಕೆಳಗೆ ಈಚೆಗೆ ಇನ್ನೊಂದು ಸಾಲು, ಏಳನೆಯ ದಿನದ್ದು.
ಇದು ಯಾರಿಗೆ, ಎಂದು ಬಿನೆತಾ ಕೇಳಿದಳು.
ನಿನ್ನ ಮಂಜುಗಡ್ಡೆಗಲ್ಲ, ಎಂದೆ.